ಆ ಎರಡು ಉಬ್ಬುಗಳಿಗೆ ಇನ್ನು ಸೂಜಿಯಿಲ್ಲ

ಬೆಳಿಗ್ಗೆ ಆರಕ್ಕೆ ನಮ್ಮ ಡಯಾಲಿಸಿಸ್ ಘಟಕದ ಬಾಗಿಲು ತೆಗೆದ ಮೇಲೆ ನಾನು ಮಾಡುವ ಮೊದಲ ಕೆಲಸ ರೋಗಿಯ ಕೈ ಮುಟ್ಟಿ ನೋಡುವುದು. ಫಿಸ್ಟುಲಾ ಇರುವ ಕೈಯ ಮೇಲೆ ಮೂರು ಬೆರಳಿಟ್ಟರೆ ಚರ್ಮದಡಿಯಲ್ಲಿ ಝುಮ್ಮೆನ್ನುವ ಒಂದು ಕಂಪನ ಸಿಗಬೇಕು. ಮಲಗಿದ ಬೆಕ್ಕಿನ ಹೊಟ್ಟೆಯ ಮೇಲೆ ಕೈಯಿಟ್ಟ ಹಾಗೆ. ಆ ಮಂಗಳವಾರ ಭದ್ರಾವತಿಯ ಫಿಟ್ಟರ್ ಅಣ್ಣನ ಬಲಗೈಯಲ್ಲಿ ಅದು ಸಿಗಲಿಲ್ಲ. ಬದಲಿಗೆ ಧಡ್ ಧಡ್ ಎಂದು ಬೆರಳಿಗೆ ಬಡಿಯುತ್ತಿತ್ತು.

ನಾನು ಡಯಾಲಿಸಿಸ್ ಟೆಕ್ನಿಷಿಯನ್. ರೋಗಿಗಳೆಲ್ಲ ನನ್ನನ್ನು ಸಿಸ್ಟರ್ ಅನ್ನುತ್ತಾರೆ, ನಾನೂ ತಿದ್ದಲು ಹೋಗಿಲ್ಲ. ಫಿಟ್ಟರ್ ಅಣ್ಣ ಕಾರ್ಖಾನೆಯೊಂದರಲ್ಲಿ ಉಗಿಯ ಪೈಪುಗಳನ್ನು ಜೋಡಿಸುವ ಕೆಲಸದಲ್ಲಿದ್ದವರು. ಎರಡೂ ಕಿಡ್ನಿ ಕೈಕೊಟ್ಟ ಮೇಲೆ ವಾರಕ್ಕೆ ಮೂರು ದಿನ, ಮಂಗಳವಾರ, ಗುರುವಾರ, ಶನಿವಾರ, ಮೊದಲ ಬಸ್ಸಿಗೆ ಶಿವಮೊಗ್ಗಕ್ಕೆ ಬಂದು ನಾಲ್ಕು ಗಂಟೆ ನಮ್ಮ ಯಂತ್ರಕ್ಕೆ ಕೈಕೊಟ್ಟು ಕೂರುತ್ತಿದ್ದರು. ಎಡಗೈಯ ಮಣಿಕಟ್ಟಿನ ಹತ್ತಿರ ಮಾಡಿದ್ದ ಮೊದಲ ಫಿಸ್ಟುಲಾ ಬೇರೊಂದು ಕೇಂದ್ರದಲ್ಲಿ ಮೂರು ವರ್ಷ ನಡೆದು ನಿಂತುಹೋಗಿತ್ತು. ಅದೇ ಕೈಯ ಮೊಣಕೈ ಹತ್ತಿರ ಮತ್ತೊಂದು ಮಾಡಿದರು, ಅದು ಬಲಿಯಲೇ ಇಲ್ಲ. ಉಳಿದದ್ದು ಬಲಗೈ ಒಂದೇ. ಅದೂ ಹೋದರೆ ಕುತ್ತಿಗೆಗೆ ಪ್ಲಾಸ್ಟಿಕ್ ನಳಿಕೆ ಹಾಕಿ ನಡೆಸಬೇಕು. ನಳಿಕೆಗೆ ಸೋಂಕು ತಗಲುವುದು, ಜ್ವರ, ಚಳಿ, ಮತ್ತೆ ಹೊಸ ನಳಿಕೆ, ಇದನ್ನೆಲ್ಲ ನಾನು ಬೇಕಾದಷ್ಟು ನೋಡಿದ್ದೇನೆ.

ಫಿಸ್ಟುಲಾ ಎಂದರೇನು ಎಂದು ಸ್ವಲ್ಪ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಹೃದಯದಿಂದ ರಕ್ತವನ್ನು ಹೊತ್ತು ಹೊರಡುವುದು ಅಪಧಮನಿ. ಅದರ ಗೋಡೆ ದಪ್ಪ, ನಡುವಿನ ಪದರದಲ್ಲಿ ಗಟ್ಟಿ ಸ್ನಾಯು, ಪ್ರತಿ ಬಡಿತಕ್ಕೂ ಹಿಗ್ಗಿ ಕುಗ್ಗುವ ತಾಕತ್ತು. ಅಲ್ಲಿಂದ ರಕ್ತ ಕವಲು ಕವಲಾಗಿ ಲೋಮನಾಳಗಳಿಗೆ ಇಳಿಯುತ್ತದೆ. ಅವು ಎಷ್ಟು ಸಣ್ಣವೆಂದರೆ ಕೆಂಪು ಕಣಗಳು ಒಂದರ ಹಿಂದೆ ಒಂದು ಸಾಲಾಗಿ ಹೋಗಬೇಕು. ಆ ಕಿರಿದಾರಿಯಲ್ಲೇ ಒತ್ತಡವೆಲ್ಲ ಕರಗಿಹೋಗುತ್ತದೆ. ಅದನ್ನು ದಾಟಿದ ಮೇಲೆ ರಕ್ತವನ್ನು ವಾಪಸ್ಸು ತರುವುದು ಅಭಿಧಮನಿ, ನಾವೆಲ್ಲ ಕೈಮೇಲೆ ನೋಡಿ 'ನರ' ಎನ್ನುವ ನೀಲಿ ಗೆರೆ. ತೆಳು ಗೋಡೆ, ಮೆತ್ತಗಿನ ಹರಿವು, ರಕ್ತ ಹಿಂದಕ್ಕೆ ಜಾರದಂತೆ ಅಲ್ಲಲ್ಲಿ ಪುಟ್ಟ ಕವಾಟ. ಡಯಾಲಿಸಿಸ್ ಯಂತ್ರಕ್ಕೆ ನಿಮಿಷಕ್ಕೆ ಮುನ್ನೂರು ಎಂ.ಎಲ್. ರಕ್ತ ಬೇಕು. ನೀಲಿ ಗೆರೆಗೆ ಅಷ್ಟು ಕೊಡುವ ಶಕ್ತಿಯಿಲ್ಲ, ಅಪಧಮನಿಯಲ್ಲಿ ಶಕ್ತಿಯಿದೆ, ಆದರೆ ಅದು ಆಳದಲ್ಲಿರುತ್ತದೆ. ಅದಕ್ಕೆ ಸರ್ಜನ್ ಎರಡನ್ನೂ ನೇರವಾಗಿ ಜೋಡಿಸಿ ಹೊಲಿಯುತ್ತಾರೆ. ಲೋಮನಾಳದ ಮಧ್ಯಸ್ತಿಕೆ ತಪ್ಪಿ ಅಪಧಮನಿಯ ಒತ್ತಡ ಸೀದಾ ತೆಳು ನಾಳಕ್ಕೆ ನುಗ್ಗುತ್ತದೆ. ಅದು ಸುಮ್ಮನೆ ಹರಿದುಹೋಗುವುದಿಲ್ಲ. ಆರೆಂಟು ವಾರದಲ್ಲಿ ಹಿಗ್ಗಿ, ಗೋಡೆ ದಪ್ಪ ಮಾಡಿಕೊಂಡು, ಹೊಸ ಕೆಲಸಕ್ಕೆ ಒಗ್ಗಿಕೊಳ್ಳುತ್ತದೆ. ಎಷ್ಟು ವರ್ಷ ಈ ಕೆಲಸ ಮಾಡಿದರೂ ಇದು ನನಗೆ ಸೋಜಿಗವೇ.

ಅಣ್ಣನ ಬಲಗೈಯ ಫಿಸ್ಟುಲಾ ಮೊಣಕೈಯಿಂದ ಭುಜದ ಕಡೆಗೆ ಏರುತ್ತಿತ್ತು. ಪ್ರತಿ ಸಲ ಎರಡು ಸೂಜಿ. ಕೆಳಗಿನದರಿಂದ ರಕ್ತ ಯಂತ್ರಕ್ಕೆ ಹೋಗುತ್ತದೆ, ಮೇಲಿನದರಿಂದ ಶುದ್ಧವಾಗಿ ವಾಪಸ್ಸು ಬರುತ್ತದೆ. ಪ್ರತಿ ಸಲ ಜಾಗ ಬದಲಿಸಬೇಕು ಎಂದು ನಮಗೆ ಮೊದಲ ವರ್ಷವೇ ಕಲಿಸಿರುತ್ತಾರೆ. ಪ್ರತಿ ಚುಚ್ಚಿಗೆ ನಾಳದ ಗೋಡೆಯಲ್ಲಿ ಒಂದು ಕಲೆ ಉಳಿಯುತ್ತದೆ. ಒಂದೇ ಕಡೆ ಚುಚ್ಚುತ್ತಾ ಹೋದರೆ ಅಲ್ಲಿನ ಸ್ನಾಯು ಸತ್ತು, ಹಳೆಯ ಬನಿಯನ್ನಿನ ಕತ್ತಿನಂತೆ ಜೋತುಬಿದ್ದು ಉಬ್ಬುತ್ತದೆ. ಆದರೆ ಕಲೆಗಟ್ಟಿದ ಜಾಗದಲ್ಲಿ ನೋವು ಕಡಿಮೆ. "ಅಲ್ಲೇ ಹಾಕಿ ಸಿಸ್ಟರ್, ಅಲ್ಲಿ ನೋವಾಗಲ್ಲ" ಎಂದು ಅಣ್ಣ ಕೈಚಾಚುತ್ತಿದ್ದರು. ನಮಗೂ ಅದೇ ಸಲೀಸು, ಕಣ್ಣುಮುಚ್ಚಿ ಹಾಕಿದರೂ ಸೂಜಿ ತಪ್ಪುವುದಿಲ್ಲ. ಹನ್ನೆರಡು ಕುರ್ಚಿ, ಮೂರು ಪಾಳಿ, ಒಬ್ಬರು ಏಳುವ ಮೊದಲೇ ಇನ್ನೊಬ್ಬರು ಬಾಗಿಲಲ್ಲಿ. ಎರಡು ವರ್ಷ ಅಲ್ಲೇ ಹಾಕಿದೆ. ಅವರು 'ನಿಮ್ಮ ಕೈ ಹಗುರ' ಎಂದಾಗಲೆಲ್ಲ ಒಳಗೊಳಗೇ ಉಬ್ಬಿದ್ದೂ ಉಂಟು. ಅವರ ಕೈಮೇಲೆ ನೆಲ್ಲಿಕಾಯಿ ಗಾತ್ರದ ಎರಡು ಉಬ್ಬು ಎದ್ದಿದ್ದವು.

ಆ ಮಂಗಳವಾರ ಅವರ ಕೈಯನ್ನು ತಲೆಯ ಮೇಲಕ್ಕೆ ಎತ್ತಿಸಿದೆ. ಮುಂದಿನ ದಾರಿ ಸರಿಯಿದ್ದರೆ ಕೈ ಎತ್ತಿದಾಗ ರಕ್ತ ಇಳಿದು ಉಬ್ಬು ಕುಗ್ಗಬೇಕು. ಇವರದು ಕಲ್ಲಿನಂತೆ ನಿಂತಿತ್ತು. ಮೇಲಿನ ಉಬ್ಬಿನ ಚರ್ಮ ತೆಳ್ಳಗಾಗಿ ಹೊಳೆಯುತ್ತಿತ್ತು. ಡಾಕ್ಟರನ್ನು ಕರೆದೆ. ಅವರು ಸ್ಕ್ಯಾನ್ ಯಂತ್ರ ತಂದು ಕೈಮೇಲೆ ಆಡಿಸಿ, ಮೇಲಿನ ಉಬ್ಬಿನಿಂದ ಒಂದು ಬೆರಳಿನಷ್ಟು ಆಚೆ ನಾಳ ಸಣ್ಣಗಾಗಿರುವುದನ್ನು ತೋರಿಸಿದರು. ವಾಪಸ್ಸು ಹೋಗುವ ರಕ್ತ ಅಲ್ಲಿ ಸಿಕ್ಕಿಕೊಂಡು ಹಿಂದಕ್ಕೆ ಒತ್ತುತ್ತಿತ್ತು.

"ಶನಿವಾರ ಸರ್ಜನ್ ಬರ್ತಾರೆ, ಬಲೂನ್ ಹಾಕಿ ಅಗಲ ಮಾಡ್ಸೋಣ. ಅಲ್ಲಿ ತನಕ ಹೊಸ ಜಾಗ. ಆ ಎರಡು ಉಬ್ಬಿನ ಮೇಲೆ ಇನ್ನು ಸೂಜಿ ಬೇಡ. ಒಡೆದ್ರೆ ನಿಲ್ಸಕ್ಕಾಗಲ್ಲ" ಎಂದರು ಡಾಕ್ಟರ್.

ಅಣ್ಣ ಕೈ ಎಳೆದುಕೊಂಡರು. "ಹೊಸ ಜಾಗ ಬೇಡ ಸಿಸ್ಟರ್. ಅಲ್ಲೇ ಹಾಕಿ, ಇಲ್ಲಾಂದ್ರೆ ಬೇಡ."

"ಅಣ್ಣ, ಡಾಕ್ಟರು ಹೇಳಿದ್ದು ಕೇಳಿಸ್ಲಿಲ್ವಾ?"

"ಕೇಳಿಸ್ತು. ಎಡಗೈಗೂ ಹಿಂಗೇ ಅಂದಿದ್ರು."

ಅಷ್ಟು ಹೇಳಿ ಚೀಲ ತಗಲಿಸಿಕೊಂಡು ಎದ್ದು ಹೋದರು. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಹೋದರೆ ಹೋಗಲಿ, ನನಗೇನು ಅವರ ಹಿಂದೆ ಬಸ್ ಸ್ಟ್ಯಾಂಡಿನ ತನಕ ಓಡುವ ಕೆಲಸವೇ ಎಂದುಕೊಂಡು ಮುಂದಿನ ಕುರ್ಚಿಗೆ ಹೋದೆ. ಅವರು ಹೇಳಿದ ಕೊನೆಯ ಮಾತಿನ ಅರ್ಥವೇನೆಂದು ಕೇಳಬೇಕೆಂದು ಹೊಳೆಯಲೇ ಇಲ್ಲ. ಸಂಜೆ ವಿನೋಬನಗರದ ಮನೆಗೆ ಬಂದ ಮೇಲೂ ಸಿಟ್ಟು ಇಳಿದಿರಲಿಲ್ಲ.

ಗುರುವಾರ ಅವರ ಕುರ್ಚಿ ಖಾಲಿ ಇತ್ತು. ಹನ್ನೊಂದರ ಹೊತ್ತಿಗೆ ಅವರ ಹೆಂಡತಿಯ ಫೋನ್ ಬಂತು. ತಮಿಳು ಮನೆಮಾತಿನವರು, ನಮ್ಮ ಜೊತೆ ಕನ್ನಡದಲ್ಲೇ ಮಾತಾಡುತ್ತಾರೆ. "ಸಿಸ್ಟರ್, ಮಲಗಕ್ಕೇ ಆಗ್ತಿಲ್ಲ ಇವರಿಗೆ. ಕೂತೇ ಇದಾರೆ ನಿನ್ನೆಯಿಂದ. ಮುಖ ಎಲ್ಲ ಊದೈತೆ. ಬನ್ನಿ ಹೋಗಣ ಅಂದ್ರೆ ಬೈತಾರೆ."

ಹಿಂದಿನ ಶನಿವಾರ ಆದ ಡಯಾಲಿಸಿಸ್ಸೇ ಕೊನೆಯದು. ಐದು ದಿನದ ನೀರು ಶ್ವಾಸಕೋಶಕ್ಕೆ ಏರುತ್ತಿತ್ತು. ಪೊಟ್ಯಾಸಿಯಂ ಏರಿದರೆ ಹೃದಯ ಹೇಳದೆ ಕೇಳದೆ ನಿಂತುಬಿಡುತ್ತದೆ. ಡಾಕ್ಟರಿಗೆ ಹೇಳಿ, ನಾಲ್ಕೂವರೆಯ ಪಾಳಿಗೆ ಒಂದು ಕುರ್ಚಿ ಹಿಡಿದಿಡಲು ಜೊತೆಯವಳಿಗೆ ಹೇಳಿ, ಭದ್ರಾವತಿ ಬಸ್ಸು ಹತ್ತಿದೆ. ಚೀಲದಲ್ಲಿ ಅವರ ಡಯಾಲಿಸಿಸ್ ಪುಸ್ತಕ ಇತ್ತು. ಮಂಗಳವಾರ ಮುನಿಸಿಕೊಂಡು ಹೋಗುವಾಗ ಬಿಟ್ಟುಹೋಗಿದ್ದರು.

ಹಳೇ ಕ್ವಾರ್ಟರ್ಸ್ ಸಾಲಿನಲ್ಲಿ ಅವರದು ಎರಡು ಕೋಣೆಯ ಮನೆ. ಅಣ್ಣ ಕುರ್ಚಿಯಲ್ಲಿ ಮುಂದಕ್ಕೆ ಬಾಗಿ ಮೇಜಿಗೆ ಮೊಣಕೈಯೂರಿ ಉಸಿರಾಡುತ್ತಿದ್ದರು. ನನ್ನನ್ನು ನೋಡಿ ಅವರಿಗೆ ನಾಚಿಕೆಯಾಯಿತು, ನನಗೂ ಆಯಿತು.

"ಎಡಗೈದು ಹೇಳಿ ಅಣ್ಣ. ಏನಾಯ್ತು ಅವತ್ತು?" ಎಂದೆ.

ನಿಲ್ಲಿಸಿ ನಿಲ್ಲಿಸಿ ಹೇಳಿದರು. ಆ ಕೇಂದ್ರದಲ್ಲಿ ಒಂದು ದಿನ 'ಜಾಗ ಬದಲಿಸೋಣ' ಎಂದು ಹೊಸ ಕಡೆ ಚುಚ್ಚಿದರಂತೆ. ಸೂಜಿ ಆಚೆ ಹೋಗಿ ಕೈ ಊದಿತಂತೆ. ಮರುದಿನ ಬೆಳಿಗ್ಗೆ ಮುಟ್ಟಿ ನೋಡಿದರೆ ಕಂಪನವೇ ಇಲ್ಲ. "ಮೂರು ವರ್ಷ ಒಂದೇ ಕಡೆ ಹಾಕ್ತಿದ್ರು, ಏನೂ ಆಗಿರ್ಲಿಲ್ಲ. ಒಂದಿನ ಬೇರೆ ಕಡೆ ಹಾಕಿದ್ರು, ಕೈ ಹೋಯ್ತು. ಇದೊಂದು ಉಳಿದೈತೆ ಸಿಸ್ಟರ್. ಇದನ್ನೂ ಕಳ್ಕೊಳ್ಳೋ ಧೈರ್ಯ ನನಗಿಲ್ಲ."

ಎರಡು ವರ್ಷ ವಾರಕ್ಕೆ ಮೂರು ಸಲ ಆ ಮನುಷ್ಯನ ಕೈ ಹಿಡಿದಿದ್ದೆ. ನೋವಿಗೆ ಹೆದರುವವರು ಎಂದುಕೊಂಡಿದ್ದೆನೇ ಹೊರತು ಒಂದು ದಿನವೂ ಕೇಳಿರಲಿಲ್ಲ.

ಅವರ ಎಡಗೈ ತೆಗೆದುಕೊಂಡೆ. ಸತ್ತುಹೋದ ಆ ಫಿಸ್ಟುಲಾದ ಮೇಲೂ ಎರಡು ಉಬ್ಬು ಇದ್ದವು, ಗಟ್ಟಿಯಾಗಿ. ಥಟ್ಟನೆ ಒಂದು ಯೋಚನೆ ಬಂತು. "ಅಕ್ಕ, ಹಳೇ ಆಸ್ಪತ್ರೆ ಪುಸ್ತಕ ಇಟ್ಟಿದೀರಾ?" ಎಂದು ಅವರ ಹೆಂಡತಿಯನ್ನು ಕೇಳಿದೆ. ಅವರು ಬೀರುವಿನಿಂದ ಪ್ಲಾಸ್ಟಿಕ್ ಕವರೊಂದನ್ನು ತಂದರು. ಪ್ರತಿ ಡಯಾಲಿಸಿಸ್ಸಿನಲ್ಲೂ ನಾವು ಬರೆಯುವ ಅಂಕಿಗಳಲ್ಲಿ ವೀನಸ್ ಪ್ರೆಷರ್ ಒಂದು. ಶುದ್ಧವಾದ ರಕ್ತವನ್ನು ಮೈಗೆ ವಾಪಸ್ಸು ತಳ್ಳಲು ಯಂತ್ರಕ್ಕೆ ಎಷ್ಟು ಒತ್ತಡ ಬೇಕಾಯಿತು ಎನ್ನುವ ಲೆಕ್ಕ. ಎಡಗೈ ನಿಂತ ದಿನದಿಂದ ಹಿಂದಕ್ಕೆ ಪುಟ ತಿರುಗಿಸಿ, ಒಂದೊಂದು ಸಾಲಿಗೂ ಬೆರಳಿಟ್ಟು ಅಣ್ಣನಿಗೇ ಓದಲು ಹೇಳಿದೆ.

"ನೂರಾ ಇಪ್ಪತ್ತು… ನೂರಾ ಮೂವತ್ತೈದು… ನೂರಾ ಅರವತ್ತು…" ಅವರ ದನಿ ನಿಧಾನವಾಯಿತು. "ನೂರಾ ತೊಂಬತ್ತು. ಇನ್ನೂರಾ ಹತ್ತು."

"ನಿಮ್ಮ ಉಗಿ ಪೈಪಿನ ಗೇಜು ಹಿಂಗೆ ದಿನಾ ಏರ್ತಾ ಬಂದ್ರೆ ಏನಂತಿದ್ರಿ?"

ಅವರು ಪುಸ್ತಕವನ್ನು ಹತ್ತಿರಕ್ಕೆ ಎಳೆದುಕೊಂಡರು. "ಮುಂದೆ ಲೈನ್ ಕಟ್ಕೊಂಡಿದೆ ಅಂತಿದ್ದೆ." ಆಮೇಲೆ, "ಹಂಗಾದ್ರೆ ಹೊಸ ಸೂಜಿ ಹಾಕೋಕೆ ಮೊದಲೇ…"

"ಮೊದಲೇ ಕಟ್ಟಿತ್ತು ಅಣ್ಣ. ಒಂದೇ ಕಡೆ ಚುಚ್ಚಿ ಚುಚ್ಚಿ ಕಟ್ಟಿತ್ತು. ಪ್ರೆಷರ್ ಏರಿದ್ದು ನೋಡಿ ಯಾರೋ ಕೊನೇಲಿ ಜಾಗ ಬದಲಿಸಿರ್ಬೇಕು. ಆಗ್ಲೇ ತಡ ಆಗಿತ್ತು."

ನನ್ನ ಚೀಲದಲ್ಲಿದ್ದ ಪುಸ್ತಕ ತೆಗೆದು, ಇದನ್ನೂ ಓದಿ ಎಂದು ಕೊಡಬೇಕೆಂದಿದ್ದೆ. ತೆರೆದೆ. ಆರು ವಾರದಿಂದ ಏರಿದೆ. ನೂರಾ ಹತ್ತು, ನೂರಾ ಮೂವತ್ತು, ನೂರಾ ಐವತ್ತು, ನೂರಾ ಎಂಬತ್ತು. ಪ್ರತಿ ಸಾಲಿನಲ್ಲೂ ಅಕ್ಷರ ನನ್ನದು, ಸಹಿ ನನ್ನದು. ದಿನದ ಅಂಕಿ ದಿನ ಬರೆದು ಪುಸ್ತಕ ಮುಚ್ಚಿದ್ದೆ. ಹಿಂದಿನ ಪುಟದ ಜೊತೆ ಇಟ್ಟು ನೋಡಿರಲಿಲ್ಲ. ಸೂಜಿ ತೆಗೆದ ಮೇಲೆ ರಕ್ತ ನಿಲ್ಲಲು ಇಪ್ಪತ್ತು ನಿಮಿಷ ಬೇಕಾಗುತ್ತಿದೆ ಎಂದೂ ನಾನೇ ಬರೆದಿದ್ದೆ. ಬರೆದು ಏನು ಬಂತು? ನನ್ನ ಮೇಲೆ ನನಗೇ ಅಷ್ಟು ಬೇಸರ ಯಾವತ್ತೂ ಆಗಿರಲಿಲ್ಲ.

ಪುಸ್ತಕ ಅವರ ಮುಂದಿಟ್ಟೆ. "ಇದು ನಾನು ಮಾಡಿದ್ದು ಅಣ್ಣ. ನೋಡ್ಬೇಕಿತ್ತು, ನೋಡ್ಲಿಲ್ಲ. ನೀವು ಅಲ್ಲೇ ಹಾಕಿ ಅಂದಾಗ ಆಗಲ್ಲ ಅನ್ಬೇಕಿತ್ತು, ಅನ್ಲಿಲ್ಲ. ಆದ್ರೆ ಇದು ಇನ್ನೂ ಇನ್ನೂರಕ್ಕೆ ಹೋಗಿಲ್ಲ."

ಅವರು ಓದಿದರು. ಬಯ್ಯಲಿಲ್ಲ. ಬಯ್ದಿದ್ದರೆ ಹಗುರಾಗುತ್ತಿತ್ತು. ಅವರ ಹೆಂಡತಿ ಸೀರೆಯ ಸೆರಗು ಬಿಗಿದುಕೊಂಡು, ತಮಿಳಿನಲ್ಲಿ ಗಂಡನನ್ನು ಕರೆದು, "ಏಂಗ, ಎದ್ದೇಳಿ. ಪಕ್ಕದ ಮನೆಯವರ ಕಾರ್ ಹೇಳಿದೀನಿ" ಎಂದರು. ಅಣ್ಣ ಎದ್ದರು.

ನಾಲ್ಕೂವರೆಗೆ ಅವರು ಕುರ್ಚಿಯಲ್ಲಿದ್ದರು. ಮೊಣಕೈ ಮತ್ತು ಕೆಳಗಿನ ಉಬ್ಬಿನ ನಡುವೆ ಎರಡು ಬೆರಳಿನಷ್ಟು, ಎರಡು ಉಬ್ಬುಗಳ ನಡುವೆ ಮೂರು ಬೆರಳಿನಷ್ಟು ಚುಚ್ಚದ ಜಾಗ ಇತ್ತು. ಮಾಮೂಲಿಗಿಂತ ಸಣ್ಣ ಸೂಜಿ ತೆಗೆದುಕೊಂಡೆ. ಕಂಕುಳ ಹತ್ತಿರ ಪಟ್ಟಿ ಕಟ್ಟಿ, ನಾಳ ಎಷ್ಟು ಆಳದಲ್ಲಿದೆ ಎಂದು ಬೆರಳಲ್ಲಿ ಅಳೆದು, ಓರೆಯಾಗಿ ಇಳಿಸಿದೆ. ಕೆಳಗಿನ ಸೂಜಿ ಕೂತಿತು. ಕೊಳವೆಯಲ್ಲಿ ರಕ್ತ ನುಗ್ಗಿ ಬಂತು. ಅಣ್ಣ ಹಲ್ಲು ಕಚ್ಚಿದ್ದರು.

ಮೇಲಿನ ಸೂಜಿಗೂ ರಕ್ತ ಕಾಣಿಸಿತು. ಸಲೈನ್ ತಳ್ಳಿ ನೋಡಿದೆ. ಕಣ್ಣೆದುರೇ ಚರ್ಮ ನಿಂಬೆಹಣ್ಣಿನಷ್ಟು ಊದಿತು. ಸೂಜಿಯ ತುದಿ ನಾಳದ ಹಿಂದಿನ ಗೋಡೆ ದಾಟಿತ್ತು.

ಅಣ್ಣ ನನ್ನ ಮುಖ ನೋಡಿದರು. ಸೂಜಿ ತೆಗೆದು ಗಾಜ್ ಬಟ್ಟೆ ಒತ್ತಿ ಐಸ್ ಇಟ್ಟೆ. ಜೊತೆಯವಳು ಕಿವಿಯ ಹತ್ತಿರ ಬಂದು, "ಇವತ್ತೊಂದಿನ ಉಬ್ಬಿಗೇ ಹಾಕ್ಬಿಡು ಮಾರಾಯ್ತಿ. ಉಸಿರಾಡಕ್ಕೆ ಕಷ್ಟ ಪಡ್ತಿದಾರೆ, ನಾಳೆ ನೋಡೋಣ" ಎಂದಳು. ಅವಳು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಕೈ ಆ ಕಡೆಗೆ ಹೋಗಿಯೂ ಹೋಗಿತ್ತು. ಉಬ್ಬಿಗೆ ಹಾಕಿದರೆ ಎರಡು ಸೆಕೆಂಡಿನ ಕೆಲಸ. ಆದರೆ ಹೊಳೆಯುವ ಆ ಚರ್ಮದಲ್ಲಿ ಇನ್ನೊಂದು ತೂತು ಮಾಡಿ, ಮುಂದೆ ದಾರಿ ಕಟ್ಟಿರುವ ನಾಳಕ್ಕೆ ಯಂತ್ರದ ಒತ್ತಡ ಕೊಟ್ಟರೆ ಏನಾಗಬಹುದು ಎಂಬುದನ್ನು ಆಗತಾನೇ ಅವರ ಮನೆಯಲ್ಲಿ ಕೂತು ಓದಿ ಬಂದಿದ್ದೆ. ಇವತ್ತೊಂದು ದಿನ ಎಂದು ಹೇಳಿಯೇ ಎರಡು ವರ್ಷ ಕಳೆದಿತ್ತು.

"ಇಲ್ಲ, ಅಲ್ಲಿ ಹಾಕಲ್ಲ" ಎಂದೆ.

ಡಾಕ್ಟರಿಗೆ ಕೇಳಿದೆ: ಫಿಸ್ಟುಲಾದಿಂದ ರಕ್ತ ತೆಗೆದುಕೊಂಡು, ಎಡ ಮುಂಗೈಯ ಮಾಮೂಲಿ ನರವೊಂದಕ್ಕೆ ವಾಪಸ್ಸು ಕೊಡಬಹುದೇ? ತೆಳು ನಾಳ, ಮುನ್ನೂರರ ವೇಗ ತಡೆಯುವುದಿಲ್ಲ. ನಿಧಾನವಾಗಿ, ಹೆಚ್ಚು ಹೊತ್ತು ಓಡಿಸಬೇಕು. ಅವರು ಒಪ್ಪಿದರು. ನರ ಹುಡುಕಲು ಹತ್ತು ನಿಮಿಷ ಹಿಡಿಯಿತು, ಮೊದಲ ಯತ್ನಕ್ಕೇ ಸಿಕ್ಕಿತು. ಪಂಪನ್ನು ನೂರಾ ಐವತ್ತರಲ್ಲಿ ಬಿಟ್ಟು, ಒತ್ತಡದ ಅಂಕಿ ನೋಡುತ್ತಾ, ನೂರಾ ಎಂಬತ್ತರ ತನಕ ಏರಿಸಿದೆ. ಪಕ್ಕದಲ್ಲೇ ಸ್ಟೂಲ್ ಹಾಕಿ ಕೂತೆ. ಒಂದು ಗಂಟೆಯ ಹೊತ್ತಿಗೆ ಅಣ್ಣನ ಉಸಿರು ಇಳಿಯಿತು. ಆಮೇಲೆ ಹಾಗೇ ಒರಗಿ ಕಣ್ಣು ಮುಚ್ಚಿದರು. ಮಲಗಿ ನಿದ್ದೆ ಮಾಡಿ ಎರಡು ದಿನವಾಗಿತ್ತು ಎಂದು ಅವರ ಹೆಂಡತಿ ಹೇಳಿದರು.

ಶನಿವಾರವೂ ಹಾಗೆಯೇ ಎಡಗೈ ನರಕ್ಕೆ ರಕ್ತ ಕೊಟ್ಟು ಡಯಾಲಿಸಿಸ್ ಮುಗಿಸಿದ ಮೇಲೆ ಸರ್ಜನ್ ಬಂದರು. ಸಣ್ಣ ನಳಿಕೆಯೊಂದನ್ನು ನಾಳದೊಳಗೆ ತೂರಿಸಿ, ಬಣ್ಣದ ದ್ರವ ಬಿಟ್ಟು ಪರದೆಯ ಮೇಲೆ ತೋರಿಸಿದರು. ಅಗಲವಾಗಿ ಬಂದ ನಾಳ ಒಂದು ಕಡೆ ಡಮರುವಿನ ನಡುವಿನಂತೆ ಸಣ್ಣಗಾಗಿತ್ತು. ಅಲ್ಲಿ ಬಲೂನ್ ಇಟ್ಟು ಉಬ್ಬಿಸಿದರು. ಮೊದಲ ಸಲ ಆ ಸೊಂಟ ಬಿಡಲಿಲ್ಲ. ಎರಡನೇ ಸಲವೂ ಇಲ್ಲ. ಮೂರನೇ ಸಲಕ್ಕೆ ನಿಧಾನವಾಗಿ ಬಿಟ್ಟುಕೊಟ್ಟಿತು. ಹೊರಗೆ ಕರೆತಂದ ಮೇಲೆ ಬೆರಳಿಟ್ಟೆ. ಬಡಿತ ಹೋಗಿ ಕಂಪನ ಬಂದಿತ್ತು. ಅಳು ಬಂದು ತುಟಿ ಕಚ್ಚಿಕೊಂಡೆ, ಮಾಸ್ಕ್ ಇದ್ದದ್ದು ಒಳ್ಳೆಯದಾಯಿತು.

"ಇದು ಶಾಶ್ವತ ಅಲ್ಲ. ಮತ್ತೆ ಸಣ್ಣ ಆಗ್ಬಹುದು. ಎಷ್ಟು ದಿನ ಬರುತ್ತೆ ಅನ್ನೋದು ಸೂಜಿ ಹಾಕೋರ ಕೈಲಿದೆ" ಎಂದರು ಸರ್ಜನ್. ನನ್ನನ್ನು ನೋಡಿಯೇ ಹೇಳಿದರು.

ಮುಂದಿನ ಮಂಗಳವಾರ ನಾನು ಘಟಕಕ್ಕೆ ಬರುವಾಗ ಸವಳಂಗ ರಸ್ತೆಯುದ್ದಕ್ಕೂ ಒಂದೇ ಯೋಚನೆ. ಊದಿದ ಜಾಗ ಈಗ ನೀಲಿಗಟ್ಟಿರುತ್ತದೆ. ಅದರ ಪಕ್ಕದಲ್ಲೇ ಮತ್ತೆ ಚುಚ್ಚಬೇಕು. ಅವರು ಒಪ್ಪುತ್ತಾರೋ ಇಲ್ಲವೋ. ಒಪ್ಪಿದರೂ ನನ್ನ ಹತ್ತಿರ ಚುಚ್ಚಿಸಿಕೊಳ್ಳುತ್ತಾರೆಯೇ? ನಾನಾಗಿದ್ದರೆ ಚುಚ್ಚಿಸಿಕೊಳ್ಳುತ್ತಿರಲಿಲ್ಲ. ನಮ್ಮಲ್ಲಿ ಹಿರಿಯ ಟೆಕ್ನಿಷಿಯನ್ ಒಬ್ಬರಿದ್ದಾರೆ, ಕೈ ನನಗಿಂತ ಪಳಗಿದ್ದು. ಅವರಿಗೇ ಒಪ್ಪಿಸಿಬಿಡೋಣ ಎಂದುಕೊಂಡೆ.

ಒಳಗೆ ಹೋದಾಗ ಹಿರಿಯರು ಆಗಲೇ ತಟ್ಟೆ ಜೋಡಿಸಿಕೊಂಡು ಅಣ್ಣನ ಮುಂದೆ ನಿಂತಿದ್ದರು. ಅಣ್ಣ ತೋಳು ಮಡಚಿ ಕೂತಿದ್ದರು.

"ನೋಡಮ್ಮ, ನನ್ನ ಹತ್ರ ಬೇಡ್ವಂತೆ. ಅರ್ಧ ಗಂಟೆಯಿಂದ ನಿನಗೇ ಕಾಯ್ತಿದಾರೆ" ಎಂದರು ಹಿರಿಯರು.

"ಅಣ್ಣ, ಅವರು ನನಗೆ ಕಲಿಸಿದವರು. ಮೊನ್ನೆ ನಾನೇ ಅಲ್ವಾ ತಪ್ಪಿದ್ದು?"

"ಅದಕ್ಕೇ ಸಿಸ್ಟರ್" ಎಂದರು ಅಣ್ಣ, ತೋಳು ಬಿಡಿಸಿ ಚಾಚುತ್ತಾ. "ಎಲ್ಲಿ ತಪ್ಪಿತು ಅಂತ ನಿಮಗೆ ಗೊತ್ತು. ಅವರಿಗೆ ಗೊತ್ತಿಲ್ಲ."

ಕೈ ತೊಳೆದು ಬಂದೆ. ಮೊನ್ನೆ ನಾಳಕ್ಕಿಂತ ಆಳ ಇಳಿಸಿದ್ದೆ. ಇವತ್ತು ಓರೆ ಇನ್ನೂ ಕಡಿಮೆ ಮಾಡಿ, ನೀಲಿಗಟ್ಟಿದ ಕಲೆಯಿಂದ ಒಂದು ಬೆರಳು ಪಕ್ಕಕ್ಕೆ, ರಕ್ತ ಕಂಡ ಕ್ಷಣವೇ ಸೂಜಿಯನ್ನು ಮಲಗಿಸಿ ಮುಂದಕ್ಕೆ ಜಾರಿಸಿದೆ. ಅಣ್ಣ "ಸ್ಸ್" ಎಂದರು. ಸಲೈನ್ ತಳ್ಳಿದೆ. ಚರ್ಮ ಸಪಾಟಾಗಿಯೇ ಇತ್ತು. ಇನ್ನೊಂದೂ ಕೂತಿತು. ಪಂಪನ್ನು ಇನ್ನೂರೈವತ್ತಕ್ಕೆ ತಂದರೂ ವೀನಸ್ ಪ್ರೆಷರ್ ನೂರಾ ಹತ್ತರಲ್ಲಿ ನಿಂತಿತು. ಅಂಕಿಯನ್ನು ಪುಸ್ತಕದಲ್ಲಿ ಬರೆದು, ಹಿಂದಿನ ಪುಟ ತಿರುಗಿಸಿ ನೋಡಿ, ಆಮೇಲೆ ಸಹಿ ಹಾಕಿದೆ.

ಪಕ್ಕದ ಕುರ್ಚಿಯಲ್ಲಿದ್ದ ಅಜ್ಜಿ ಆಗಲೇ ರವಿಕೆಯ ತೋಳು ಮಡಚಿಕೊಂಡು ಕಾಯುತ್ತಿದ್ದರು. ಅವರ ಕೈಮೇಲೂ ಎರಡು ಉಬ್ಬು ಇದ್ದವು. ಅದೂ ನನ್ನ ಕೈಕೆಲಸವೇ.

"ದಿನಾ ಹಾಕೋ ಕಡೆನೇ ಹಾಕು ಮಾರಾಯ್ತಿ, ಬೇಗ ಆಗ್ಲಿ" ಎಂದರು.

"ಆಗಲ್ಲ ಅಜ್ಜಿ" ಎಂದು ಸ್ಟೂಲ್ ಎಳೆದುಕೊಂಡು ಅವರ ಮುಂದೆ ಕೂತೆ.